ಅಮ್ಮನ ಕಲ್ಚರ್ ವರದಿಯ ತುಂಬ ‘ಆರ್’ ಎಂದೇ ಇದೆ: ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಪ್ರಶ್ನೆ: ತುಂಗಾತೀರದ ಮಗಳು

ನನ್ನ ತಾಯಿಗೆ ಈಗ 68 ವರ್ಷ. ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇದೆ. ಕಳೆದ ಒಂದೂವರೆ ವರ್ಷದಲ್ಲಿ ಅವರಿಗೆ ನಾಲ್ಕು ಬಾರಿ ಮೂತ್ರದ ಸೋಂಕು ಆಯಿತು. ಮೊದಲ ಸಲ ಊರಿನ ವೈದ್ಯರು ಬರೆದುಕೊಟ್ಟ ಮಾತ್ರೆಯಿಂದ ಬೇಗ ಗುಣವಾಯಿತು. ಎರಡನೆಯ ಮತ್ತು ಮೂರನೆಯ ಸಲ ನಾವು ವೈದ್ಯರ ಬಳಿಗೆ ಹೋಗಲಿಲ್ಲ. ಹಳೆಯ ಚೀಟಿಯನ್ನೇ ಔಷಧದ ಅಂಗಡಿಯಲ್ಲಿ ತೋರಿಸಿ ಅದೇ ಮಾತ್ರೆ ತಂದುಕೊಟ್ಟೆವು. ಎರಡು ಮೂರು ದಿನಕ್ಕೆ ಉರಿ ಇಳಿದಾಗ ಅಮ್ಮ ಮಾತ್ರೆ ನಿಲ್ಲಿಸಿ, ಉಳಿದದ್ದು ಮುಂದೆ ಬೇಕಾದೀತೆಂದು ಡಬ್ಬಿಯೊಂದರಲ್ಲಿ ಎತ್ತಿಟ್ಟರು. ಕಳೆದ ತಿಂಗಳು ನಾಲ್ಕನೆಯ ಸಲ ಉರಿ ಶುರುವಾದಾಗ ಆ ಡಬ್ಬಿಯ ಮಾತ್ರೆಯಿಂದ ಏನೂ ಪ್ರಯೋಜನವಾಗಲಿಲ್ಲ. ಮೂರನೆಯ ರಾತ್ರಿ ಮೈ ನಡುಗುವಷ್ಟು ಚಳಿಜ್ವರ ಬಂತು, ಪಕ್ಕೆಯಲ್ಲಿ ನೋವು ಹಿಡಿದುಕೊಂಡಿತು. ಬೆಳಗಿನ ಜಾವಕ್ಕೆ ಅವರು ನಮ್ಮನ್ನು ಗುರುತಿಸಲು ತಡವರಿಸತೊಡಗಿದಾಗ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದೆವು.

ಅಲ್ಲಿ ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿದರು. ಮೂರನೆಯ ದಿನ ಬಂದ ವರದಿಯಲ್ಲಿ ‘ಇ. ಕೋಲೈ’ ಎಂಬ ಬ್ಯಾಕ್ಟೀರಿಯಾದ ಹೆಸರು, ಅದರ ಕೆಳಗೆ ಹದಿನಾರು ಔಷಧಗಳ ಪಟ್ಟಿ ಇತ್ತು. ಹನ್ನೊಂದು ಔಷಧಗಳ ಮುಂದೆ ‘ಆರ್’ ಎಂದು ಬರೆದಿತ್ತು. ನಾವು ಮನೆಯಲ್ಲಿ ಕೊಡುತ್ತಿದ್ದ ಮಾತ್ರೆಯೂ ಆ ಹನ್ನೊಂದರಲ್ಲಿ ಒಂದು. ಕೊನೆಗೆ ಮೆರೊಪೆನೆಮ್ ಎಂಬ ಇಂಜೆಕ್ಷನ್ನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಏಳು ದಿನ ಕೊಟ್ಟರು. ಅಮ್ಮ ಈಗ ಮನೆಗೆ ಬಂದಿದ್ದಾರೆ, ನಿಧಾನವಾಗಿ ಓಡಾಡುತ್ತಿದ್ದಾರೆ.

ಅವರ ದೇಹವೇ ಔಷಧಕ್ಕೆ ಒಗ್ಗಿಹೋಗಿದೆ, ಇನ್ನು ಯಾವ ಮಾತ್ರೆಯೂ ಹತ್ತುವುದಿಲ್ಲ ಎಂದು ನೆಂಟರು ಹೇಳುತ್ತಿದ್ದಾರೆ. ಇದು ನಿಜವೇ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅವರಿಗೂ ಇದು ಅಂಟಿಕೊಳ್ಳಬಹುದೇ? ಮುಂದಿನ ಸಲ ಹೀಗಾದರೆ ನಾವು ಮೊದಲು ಏನು ಮಾಡಬೇಕು? ಮತ್ತು ಇದಕ್ಕೆಲ್ಲ ನಾವು ತಂದುಕೊಟ್ಟ ಆ ಮಾತ್ರೆಗಳೇ ಕಾರಣವೇ ಎಂಬುದನ್ನು ತಿಳಿದವರು ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ಕೋರುತ್ತೇನೆ.

ಉತ್ತರ 1: ಕರಾವಳಿಯ ಪ್ರಯೋಗಾಲಯದಿಂದ

ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಇಂಥ ವರದಿಗಳನ್ನೇ ಬರೆಯುತ್ತಿದ್ದೇನೆ. ಆದ್ದರಿಂದ ಆ ‘ಆರ್’ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ, ನೆಂಟರ ಮಾತಿಗೆ ಉತ್ತರ ಅದರಲ್ಲೇ ಇದೆ.

ನಿಮ್ಮ ತಾಯಿಯ ಮೂತ್ರವನ್ನು ಒಂದು ತಂತಿಯ ಕುಣಿಕೆಯಲ್ಲಿ ತೆಗೆದು ಬ್ಯಾಕ್ಟೀರಿಯಾ ಬೆಳೆಯಲು ಬಳಸುವ ಅಗಾರ್ ಎಂಬ ಗಟ್ಟಿ ಲೋಳೆ ತುಂಬಿದ ಪ್ಲೇಟಿನ ಮೇಲೆ ಎಳೆದು, ಮೈಶಾಖದಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇಡುತ್ತೇವೆ. ಮರುದಿನ ಅದರಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಎತ್ತಿ ಇನ್ನೊಂದು ಪ್ಲೇಟಿನ ಮೇಲೆಲ್ಲ ಒಂದೇ ಸಮನೆ ಸವರಿ, ಒಂದೊಂದು ಔಷಧವನ್ನು ಹೀರಿಸಿದ, ಹಣೆಯ ಬೊಟ್ಟಿನಷ್ಟಗಲದ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಟ್ಟು ಮತ್ತೊಂದು ರಾತ್ರಿ ಕಾಯುತ್ತೇವೆ. ಆ ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಆಗಿದ್ದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ತಿಳಿಯಾದ ವೃತ್ತವೊಂದು ಮೂಡಿರುತ್ತದೆ. ಅದರ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು ‘ಎಸ್’ (ಸೆನ್ಸಿಟಿವ್, ಅಂದರೆ ಬಗ್ಗುವಂಥದ್ದು) ಎಂದು ಬರೆಯುತ್ತೇವೆ. ಬಗ್ಗದಿದ್ದರೆ ಬ್ಯಾಕ್ಟೀರಿಯಾದ ಬೂದು ಪದರ ಬಿಲ್ಲೆಯ ಅಂಚಿನವರೆಗೂ ಬಂದು ಮುಟ್ಟಿರುತ್ತದೆ, ಅದು ‘ಆರ್’ (ರೆಸಿಸ್ಟೆಂಟ್, ಅಂದರೆ ಬಗ್ಗದ್ದು). ಗಮನಿಸಿ, ಆ ಪ್ಲೇಟಿನಲ್ಲಿ ನಿಮ್ಮ ತಾಯಿಯ ದೇಹವೇ ಇಲ್ಲ. ಔಷಧವನ್ನು ಎದುರಿಸುವುದನ್ನು ಕಲಿತದ್ದು ಬ್ಯಾಕ್ಟೀರಿಯಾ. ಅಮ್ಮನ ಮೈ ಯಾವುದಕ್ಕೂ ಒಗ್ಗಿಹೋಗಿಲ್ಲ. ನಾಳೆ ಅವರಿಗೆ ಬೇರೆ ಬ್ಯಾಕ್ಟೀರಿಯಾದಿಂದ ಸೋಂಕಾದರೆ ಸಾಮಾನ್ಯ ಮಾತ್ರೆಯೇ ಸಾಕಾಗಲೂಬಹುದು.

ಅವರಿಗೆ ಸಿಕ್ಕಿರುವ ಇ. ಕೋಲೈ, ನೀವು ಬರೆದಿರುವುದನ್ನು ನೋಡಿದರೆ, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್‌ನಂಥ ಔಷಧಗಳನ್ನು ಒಡೆದುಹಾಕುವ ಕಿಣ್ವವನ್ನು ತಯಾರಿಸುವ ಬಗೆಯದ್ದಾಗಿರಬಹುದು. ಈ ಗುಣವನ್ನು ಹೊತ್ತ ಜೀನು ಬಹಳ ಸಲ ಪ್ಲಾಸ್ಮಿಡ್ ಎಂಬ ಡಿಎನ್‌ಎಯ ಸಣ್ಣ ಬಳೆಯ ಮೇಲೆ ಇರುತ್ತದೆ. ಒಂದು ಬ್ಯಾಕ್ಟೀರಿಯಾ ಆ ಬಳೆಯ ಪ್ರತಿಯನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ, ಅದು ಬೇರೆ ಜಾತಿಯದ್ದಾಗಿದ್ದರೂ, ದಾಟಿಸಬಲ್ಲದು. ಸಾವಿರಾರು ಜನರ ಕರುಳಿನಲ್ಲಿ, ಆಸ್ಪತ್ರೆಯ ಚರಂಡಿಯಲ್ಲಿ, ಕೆರೆಯ ನೀರಿನಲ್ಲಿ ಈ ಕೊಡುಕೊಳ್ಳುವಿಕೆ ಹಗಲೂ ರಾತ್ರಿ ನಡೆದಿದೆ. ಆಂಟಿಬಯೋಟಿಕ್ ಬಿದ್ದ ಕಡೆಯಲ್ಲೆಲ್ಲ ಬಗ್ಗುವವು ಸತ್ತು ಬಗ್ಗದವು ಉಳಿಯುತ್ತವೆ, ಉಳಿದವಕ್ಕೆ ಜಾಗವೆಲ್ಲ ತೆರವಾಗಿರುತ್ತದೆ. ನೀವು ಕೊಟ್ಟ ಮಾತ್ರೆಗಳು ಅಮ್ಮನ ಕರುಳಿನಲ್ಲಿ ಇಂಥವು ಬೀಡುಬಿಡಲು ಅನುಕೂಲ ಮಾಡಿರಬಹುದು. ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ಕೇಳಿದಿರಿ, ಅದಕ್ಕೆ ಹೇಳುತ್ತಿದ್ದೇನೆ. ಆದರೆ ಈ ಬ್ಯಾಕ್ಟೀರಿಯಾವನ್ನು ನಿಮ್ಮ ಮನೆಯೊಂದೇ ಹುಟ್ಟಿಸಿತು ಎಂದುಕೊಳ್ಳಬೇಡಿ. ಜೀವಮಾನದಲ್ಲಿ ಕೆಲವೇ ಬಾರಿ ಆಂಟಿಬಯೋಟಿಕ್ ತೆಗೆದುಕೊಂಡವರ ಮಲದಲ್ಲೂ ಇವು ಸಿಗುತ್ತವೆ.

ಮೆರೊಪೆನೆಮ್ ಕೆಲಸ ಮಾಡಿತು ಎಂಬುದನ್ನು ಓದಿ ನನಗೆ ಸಮಾಧಾನವಾಯಿತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೆರೊಪೆನೆಮ್ ಬಿಲ್ಲೆಯ ಸುತ್ತ ವೃತ್ತ ಕಾಣದಿದ್ದರೆ ಬಿಲ್ಲೆಯೇ ಕೆಟ್ಟಿದೆಯೆಂದು ಭಾವಿಸಿ ಪರೀಕ್ಷೆಯನ್ನು ಮತ್ತೆ ಮಾಡುತ್ತಿದ್ದೆವು. ಈಗ ತೀವ್ರ ನಿಗಾ ಘಟಕದಿಂದ ಬರುವ ಮಾದರಿಗಳಲ್ಲಿ ಅದು ದಿನನಿತ್ಯದ ನೋಟ. ಈ ಗುಂಪಿನ ಔಷಧಗಳನ್ನು ಒಡೆಯುವ ಎನ್‌ಡಿಎಂ ಎಂಬ ಕಿಣ್ವವನ್ನು ಮೊದಲು ಗುರುತಿಸಿದ್ದು 2008ರಲ್ಲಿ, ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ. ಅದರ ಹೆಸರಿನ ‘ಎನ್‌ಡಿ’ಯಲ್ಲಿ ನವದೆಹಲಿ (ನ್ಯೂ ಡೆಲ್ಲಿ) ಸೇರಿಕೊಂಡದ್ದಕ್ಕೆ ನಮ್ಮ ದೇಶದಲ್ಲಿ ದೊಡ್ಡ ಆಕ್ಷೇಪವೆದ್ದಿತು. ಹೆಸರಿನ ಬಗ್ಗೆ ಎದ್ದಷ್ಟು ಕೂಗು ಕಿಣ್ವದ ಬಗ್ಗೆ ಏಳಲಿಲ್ಲವಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ಎನ್‌ಡಿಎಂ ಇರುವ ಸೋಂಕಿಗೆ ಎಷ್ಟೋ ಸಲ ಕೊಲಿಸ್ಟಿನ್ ಎಂಬ ಹಳೆಯ ಔಷಧಕ್ಕೆ ಹೋಗಬೇಕಾಗುತ್ತದೆ, ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡುವಂಥದ್ದು. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜು 2022ರಲ್ಲಿ ಪ್ರಕಟವಾಯಿತು. ಈ ಅಂಕಿಯನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನವಜಾತ ಶಿಶುಗಳ ವಾರ್ಡಿನಿಂದ ಬರುವ, ಒಂದು ಮಿಲಿಲೀಟರ್ ರಕ್ತ ಮಾತ್ರ ಇರುವ ಪುಟ್ಟ ಬಾಟಲಿಗಳು.

ಮಕ್ಕಳ ವಿಷಯ. ಈ ಬ್ಯಾಕ್ಟೀರಿಯಾ ಕೆಮ್ಮಿನಿಂದ ಹರಡುವಂಥದ್ದಲ್ಲ. ಕೈಯಿಂದ, ಶೌಚಾಲಯದಿಂದ ಬಾಯಿಗೆ ಹೋಗುತ್ತದೆ. ಅಮ್ಮನನ್ನು ದೂರ ಕೂರಿಸಬೇಡಿ, ಮೊಮ್ಮಕ್ಕಳು ಅವರ ಮಡಿಲಲ್ಲಿ ಕೂರಲಿ. ಶೌಚಾಲಯಕ್ಕೆ ಹೋಗಿ ಬಂದಾಗಲೂ ಅಡುಗೆ ಮುಟ್ಟುವ ಮೊದಲೂ ಎಲ್ಲರೂ ಸೋಪು ಹಾಕಿ ಕೈ ತೊಳೆದರೆ ಆರೋಗ್ಯವಂತ ಮಕ್ಕಳಿಗೆ ಹೆದರಬೇಕಾದದ್ದೇನೂ ಇಲ್ಲ.

ಮುಂದಿನ ಸಲ ಉರಿ ಶುರುವಾದರೆ, ಮಾತ್ರೆಯ ಮೊದಲ ಗುಳಿಗೆ ಬಾಯಿಗೆ ಹೋಗುವ ಮುಂಚೆಯೇ ಮೂತ್ರದ ಮಾದರಿ ಕೊಡಿ. ಆರಂಭದ ಮೂತ್ರವನ್ನು ಬಿಟ್ಟು ನಡುವಿನದ್ದನ್ನು, ಪ್ರಯೋಗಾಲಯದವರು ಕೊಟ್ಟ ಮುಚ್ಚಳದ ಡಬ್ಬಿಯಲ್ಲೇ ಹಿಡಿದು, ಎರಡು ಗಂಟೆಯೊಳಗೆ ತಲುಪಿಸಿ. ಈ ಸಲದ ವರದಿಯನ್ನು ಜೋಪಾನವಾಗಿಟ್ಟು ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನು ತೋರಿಸಿ, ಏಕೆಂದರೆ ಹೊಸ ವರದಿ ಬರುವವರೆಗೆ ಯಾವ ಔಷಧ ಕೊಡಬಾರದು ಎಂಬುದನ್ನು ಅವರು ಅದರಿಂದಲೇ ತಿಳಿಯಬೇಕು. ಮಾತ್ರೆಯ ರೂಪದಲ್ಲಿ ಇನ್ನು ಏನೂ ಉಳಿದಿಲ್ಲ ಎಂದೂ ಅಲ್ಲ. ಸೋಂಕು ಮೂತ್ರಕೋಶದಲ್ಲಷ್ಟೇ ಇದ್ದು ಮೂತ್ರಪಿಂಡಕ್ಕೆ ಏರದಿದ್ದರೆ ನೈಟ್ರೊಫ್ಯುರಾಂಟಾಯಿನ್, ಫಾಸ್ಫೊಮೈಸಿನ್‌ನಂಥ ಹಳೆಯ ಔಷಧಗಳು ಇಂಥ ಇ. ಕೋಲೈ ಮೇಲೂ ಎಷ್ಟೋ ಸಲ ಕೆಲಸ ಮಾಡುತ್ತವೆ. ವರದಿಯಲ್ಲಿ ಅವುಗಳ ಮುಂದೆ ಏನಿದೆ ಎಂದು ವೈದ್ಯರನ್ನು ಕೇಳಿ. ಇನ್ನೊಂದು ಮಾತು, ಇದು ಬಹಳ ಮುಖ್ಯ. ಉರಿ, ಜ್ವರ, ನೋವು ಯಾವುದೂ ಇಲ್ಲದಿರುವಾಗ ‘ಎಲ್ಲ ಸರಿಯಿದೆಯೇ ನೋಡೋಣ’ ಎಂದು ಕಲ್ಚರ್ ಮಾಡಿಸಬೇಡಿ. ಈ ವಯಸ್ಸಿನ ಎಷ್ಟೋ ಹೆಂಗಸರ ಮೂತ್ರದಲ್ಲಿ ಯಾವ ತೊಂದರೆಯನ್ನೂ ಕೊಡದೆ ಬ್ಯಾಕ್ಟೀರಿಯಾ ಇರುತ್ತವೆ, ಅವಕ್ಕೆ ಔಷಧ ಕೊಟ್ಟರೆ ಲಾಭವಿಲ್ಲ, ಬಗ್ಗದವನ್ನು ಬೆಳೆಸಿದಂತಾಗುತ್ತದೆ ಅಷ್ಟೆ. ಮುಟ್ಟು ನಿಂತ ಮೇಲೆ ಪದೇ ಪದೇ ಸೋಂಕಾಗುವವರಿಗೆ ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಮುಲಾಮಿನಿಂದ ಅದು ಕಡಿಮೆಯಾಗುವುದುಂಟು. ಸಂಕೋಚ ಬಿಟ್ಟು ಸ್ತ್ರೀರೋಗ ತಜ್ಞರನ್ನು ಒಮ್ಮೆ ಕೇಳಿ.

ಉತ್ತರ 2: ಹಾವೇರಿ ಕಡೆಯ ಔಷಧ ವ್ಯಾಪಾರಿ

ಹಳೆಯ ಚೀಟಿಯ ಮೇಲೆ ಮಾತ್ರೆ ಕೊಟ್ಟ ಅಂಗಡಿಯವನ ಜಾಗದಲ್ಲಿ ನಾನೂ ನಿಂತಿದ್ದೆ, ಆದ್ದರಿಂದ ಉತ್ತರಿಸುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ. ನಮ್ಮ ಅಂಗಡಿಗೆ ಚೀಟಿ ತರುವವರಿಗಿಂತ ಖಾಲಿಯಾದ ಸ್ಟ್ರಿಪ್ಪಿನ ಕತ್ತರಿಸಿದ ತುಂಡು ತರುವವರೇ ಹೆಚ್ಚು. ‘ಇದೇ ಕೊಡಿ, ಎರಡು ಸಾಕು’ ಎನ್ನುತ್ತಾರೆ. ಸಂತೆಯ ದಿನ ಕೂಲಿ ಬಿಟ್ಟು ಬಂದವರಿಗೆ ವೈದ್ಯರ ಫೀಸು, ಪರೀಕ್ಷೆಯ ಖರ್ಚು, ಬಸ್ಸಿನ ಚಾರ್ಜು ಸೇರಿಸಿದರೆ ಎರಡು ದಿನದ ದುಡಿಮೆ ಹೋಗುತ್ತದೆ. ಎರಡು ಮಾತ್ರೆಗೆ ಐವತ್ತು ರೂಪಾಯಿಯೂ ಆಗುವುದಿಲ್ಲ. ಕೊಡುವುದಿಲ್ಲವೆಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಈ ಲೆಕ್ಕವನ್ನು ಹಾಕಿಕೊಂಡೇ ನಾನು ಬಹಳ ವರ್ಷ ಕೊಟ್ಟೆ. ಕೊರೋನಾ ಕಾಲದಲ್ಲಿ ಅಜಿತ್ರೊಮೈಸಿನ್ ಅನ್ನು ಪೆಪ್ಪರಮಿಂಟಿನಂತೆ ಕೊಟ್ಟೆವು, ಅದು ವೈರಸ್ಸಿನ ಮೇಲೆ ಏನೂ ಮಾಡದ ಔಷಧ.

ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯ ಔಷಧಗಳನ್ನು, ಸೆಫಿಕ್ಸಿಮ್, ಲೆವೊಫ್ಲಾಕ್ಸಸಿನ್, ಮೆರೊಪೆನೆಮ್ ಮುಂತಾದವನ್ನು, ಮಾರುವಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟೆವು ಎಂಬುದನ್ನು ಬೇರೆಯೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಸ್ಟ್ರಿಪ್ಪಿನ ಹಿಂಬದಿಯಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ, ಆ ಗೆರೆ ಇದ್ದರೆ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದೆಂದು ಅರ್ಥ. ಗಿರಾಕಿಗೆ ಆ ಗೆರೆಯನ್ನು ಬೆರಳಿಟ್ಟು ತೋರಿಸಿ ಹೇಳಿದಾಗ ಹತ್ತರಲ್ಲಿ ನಾಲ್ಕು ಜನ ಕೇಳುತ್ತಾರೆ ಎಂಬುದು ನನ್ನ ಅನುಭವ. ಕೇರಳದಲ್ಲಿ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ 2024ರಲ್ಲಿ ಸರ್ಕಾರವೇ ದಾಳಿ ನಡೆಸಿತು. ಒಂದೇ ಬೀದಿಯ ಎಲ್ಲ ಅಂಗಡಿಗಳಿಗೂ ಒಂದೇ ನಿಯಮವಾದಾಗ ಮಾತ್ರ ನಮ್ಮಂಥವರು ಇಲ್ಲವೆನ್ನಲು ಧೈರ್ಯ ಬರುತ್ತದೆ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಭಾಷಣದಲ್ಲೇ, ಮುಂದೊಂದು ದಿನ ಯಾರು ಬೇಕಾದರೂ ಅಂಗಡಿಯಲ್ಲಿ ಈ ಔಷಧವನ್ನು ಕೊಂಡು, ಸಾಲದಷ್ಟು ತೆಗೆದುಕೊಂಡು, ಬ್ಯಾಕ್ಟೀರಿಯಾವನ್ನು ಔಷಧಕ್ಕೆ ಬಗ್ಗದಂತೆ ಮಾಡಿಬಿಡುವ ಅಪಾಯವಿದೆ ಎಂದು ಎಚ್ಚರಿಸಿದ್ದರು. ಡಿ.ಫಾರ್ಮ ಓದುವಾಗ ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅವರು ಹೇಳಿದ ಅಂಗಡಿ ನನ್ನದೇ ಎಂದು ಹೊಳೆಯಲು ಹದಿನೈದು ವರ್ಷ ಬೇಕಾಯಿತು.

ಉತ್ತರ 3: ಮಂಡ್ಯದ ಹೈನುಗಾರ

ಇದು ಮನುಷ್ಯರ ಔಷಧದ ಅಂಗಡಿಗಷ್ಟೇ ಸೇರಿದ ವಿಷಯವಲ್ಲವೆಂದು ಒಂದು ಮಾತು ಸೇರಿಸುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಹಸುವೊಂದಕ್ಕೆ ಕೆಚ್ಚಲು ಬಾವು ಬಂದಾಗ ಮೊಲೆಯೊಳಗೆ ಏರಿಸುವ ಆಂಟಿಬಯೋಟಿಕ್ ಟ್ಯೂಬನ್ನು ನಾನೇ ತಂದು ಹಾಕಿದೆ. ಡೇರಿಗೆ ಆ ಹಾಲು ಹಾಕಬಾರದೆಂದು ಗೊತ್ತಿತ್ತು, ಆದರೆ ಮನೆಗೆ ಬಳಸಬಹುದೆಂದುಕೊಂಡೆವು. ನನ್ನ ಹೆಂಡತಿ ಎಂದಿನಂತೆ ಕಾಯಿಸಿ, ಆರಿಸಿ, ಹೆಪ್ಪು ಹಾಕಿಟ್ಟಳು. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಮತ್ತೆ ಹೆಪ್ಪು ಹಾಕಿದರೂ ಮೊಸರಾಗಲಿಲ್ಲ. ಪಶುವೈದ್ಯರನ್ನು ಕೇಳಿದಾಗ, ಹಾಲಿನಲ್ಲಿ ಉಳಿದ ಔಷಧ ಮೊಸರು ಮಾಡುವ ಬ್ಯಾಕ್ಟೀರಿಯಾವನ್ನೇ ಕೊಂದಿದೆ, ಕಾಯಿಸಿದ ಮಾತ್ರಕ್ಕೆ ಔಷಧದ ಅಂಶ ಪೂರ್ತಿ ಹೋಗುವುದಿಲ್ಲ ಎಂದರು. ಅಲ್ಲಿಯವರೆಗೆ ಆ ಹಾಲನ್ನೇ ನಮ್ಮ ಮೊಮ್ಮಗುವಿಗೂ ಕುಡಿಸಿದ್ದೆವು.

ಈಗ ನಾವು ಟ್ಯೂಬಿನ ಮೇಲೆ ಬರೆದಷ್ಟು ದಿನ ಹಾಲನ್ನು ಯಾರಿಗೂ ಕೊಡದೆ ಚೆಲ್ಲುತ್ತೇವೆ. ಅದಕ್ಕಿಂತ ಹೆಚ್ಚಾಗಿ, ಬಾವು ಬರದಂತೆ ನೋಡಿಕೊಳ್ಳುವುದನ್ನು ಕಲಿತಿದ್ದೇವೆ. ಹಾಲು ಕರೆದ ಮೇಲೆ ಮೊಲೆಯ ತೂತು ಅರ್ಧ ಗಂಟೆಯಷ್ಟು ಹೊತ್ತು ತೆರೆದೇ ಇರುವುದರಿಂದ, ಮೊಲೆಗಳನ್ನು ಔಷಧದ ನೀರಿನಲ್ಲಿ ಅದ್ದಿ, ಹಸು ಕೂಡಲೇ ಸಗಣಿಯ ಮೇಲೆ ಮಲಗದಂತೆ ಗೋದಲಿಗೆ ಹಸಿಹುಲ್ಲು ಹಾಕಿ ನಿಲ್ಲಿಸುತ್ತೇವೆ. ಇಷ್ಟು ಮಾಡಿದ್ದರಿಂದಲೇ ಒಂದು ವರ್ಷದಿಂದ ಟ್ಯೂಬು ತಂದಿಲ್ಲ. ಕೋಳಿ ಸಾಕುವವರು ಬೇಗ ತೂಕ ಬರಲೆಂದು ಮೇವಿನಲ್ಲಿ ಬೆರೆಸುತ್ತಿದ್ದ ಕೊಲಿಸ್ಟಿನ್ ಅನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಮೇಲೆ ಪ್ರಯೋಗಾಲಯದವರು ಆಸ್ಪತ್ರೆಯಲ್ಲಿ ಬೇರೆ ದಾರಿಯಿಲ್ಲದಾಗ ಹೋಗುವ ಔಷಧವೆಂದು ಹೆಸರಿಸಿದ್ದು ಅದೇ ಕೊಲಿಸ್ಟಿನ್ ಎಂದು ಓದಿದಾಗ ಮೈ ಜುಮ್ಮೆಂದಿತು.

ಉತ್ತರ 4: ರಾಯಚೂರಿನಿಂದ, ಗುಣವಾದವನು

ನನಗೆ ಬಂದದ್ದು ಔಷಧಕ್ಕೆ ಬಗ್ಗದ ಕ್ಷಯ. ಮೊದಲ ಸಲ ಕ್ಷಯವಾದಾಗ ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಟ್ಟಿದ್ದರು. ಒಂದೇ ಔಷಧ ಕೊಟ್ಟರೆ ಅದಕ್ಕೆ ಬಗ್ಗದ ಕೆಲವು ಬ್ಯಾಕ್ಟೀರಿಯಾ ಉಳಿದುಬಿಡುತ್ತವೆ, ನಾಲ್ಕನ್ನೂ ಒಟ್ಟಿಗೆ ಎದುರಿಸುವಂಥದ್ದು ಇರುವುದು ಅತಿ ಅಪರೂಪ ಎಂಬುದೇ ಅದರ ಹಿಂದಿನ ಲೆಕ್ಕ. ಆ ನಾಲ್ಕರಲ್ಲಿ ಒಂದಾದ ರಿಫಾಂಪಿಸಿನ್‌ನಿಂದ ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತಿತ್ತು, ಅದನ್ನು ಕಂಡು ಹೆದರಿದ್ದೆ. ಎರಡು ತಿಂಗಳಿಗೆ ಕೆಮ್ಮು ನಿಂತು ತೂಕ ಬಂದಾಗ, ಗುಣವಾಯಿತೆಂದು ನಂಬಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದೆ, ಮಾತ್ರೆ ಬಿಟ್ಟೆ. ಒಂದು ವರ್ಷದ ನಂತರ ಕಫದಲ್ಲಿ ರಕ್ತ ಬಂತು. ಯಂತ್ರದ ಕಫ ಪರೀಕ್ಷೆಯಲ್ಲಿ ಎರಡೇ ಗಂಟೆಯಲ್ಲಿ ರಿಫಾಂಪಿಸಿನ್ ಕೆಲಸ ಮಾಡುವುದಿಲ್ಲವೆಂದು ತಿಳಿಯಿತು. ಆಗಿನ ಪದ್ಧತಿಯಂತೆ ಎರಡು ವರ್ಷ ಚಿಕಿತ್ಸೆ, ಅದರಲ್ಲಿ ಮೊದಲ ಆರು ತಿಂಗಳು ದಿನವೂ ಕೆನಮೈಸಿನ್ ಇಂಜೆಕ್ಷನ್. ಕ್ಷಯ ಹೋಯಿತು, ಎಡಗಿವಿಯ ಶ್ರವಣವನ್ನು ಆ ಇಂಜೆಕ್ಷನ್ ಜೊತೆಯಲ್ಲೇ ಕೊಂಡೊಯ್ದಿತು.

ಈಗ ಕಾಲ ಬದಲಾಗಿದೆ. ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ಸೇರಿದ, ಇಂಜೆಕ್ಷನ್ನೇ ಇಲ್ಲದ ಆರು ತಿಂಗಳ ಚಿಕಿತ್ಸೆಗೆ ನಮ್ಮ ದೇಶದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿದೆ. ಚಿಕಿತ್ಸೆಯಲ್ಲಿರುವವರ ಆಹಾರಕ್ಕೆಂದು ಸರ್ಕಾರ ಕೊಡುತ್ತಿದ್ದ ತಿಂಗಳ 500 ರೂಪಾಯಿ 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಎರಡು ವಾರಕ್ಕೂ ಮೇಲ್ಪಟ್ಟು ಕೆಮ್ಮು ಇರುವವರು ಅಂಗಡಿಯ ಲೆವೊಫ್ಲಾಕ್ಸಸಿನ್ ನುಂಗದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಡಬೇಕು. ಆ ಮಾತ್ರೆ ಕ್ಷಯವನ್ನು ಕೆಲವು ದಿನ ಅಡಗಿಸಿ ಗುರುತಿಸುವುದನ್ನು ತಡಮಾಡುತ್ತದೆ ಎಂದು ನನಗೆ ಹೇಳಿದವರು ನಮ್ಮೂರ ಆಶಾ ಕಾರ್ಯಕರ್ತೆ. ನನ್ನ ಎರಡನೆಯ ಚಿಕಿತ್ಸೆಯ ಅಷ್ಟೂ ದಿನ ಮನೆಯ ಬಾಗಿಲಿಗೆ ಬಂದು, ಮಾತ್ರೆ ನುಂಗಿ ನೀರು ಕುಡಿಯುವವರೆಗೆ ಅವರು ನಿಂತಿರುತ್ತಿದ್ದರು.

ಉತ್ತರ 5: ಕರಾವಳಿಯ ಪ್ರಯೋಗಾಲಯದಿಂದ

ರಾಯಚೂರಿನವರು ಬರೆದದ್ದನ್ನು ಓದಿ ಒಂದು ಗೊಂದಲವನ್ನು ಬಿಡಿಸಬೇಕೆನಿಸಿತು. ಕ್ಷಯದಲ್ಲಿ ಅವಧಿ ಪೂರೈಸದೆ ಬಿಡುವುದು ನೇರವಾಗಿ ಅಪಾಯವನ್ನು ತರುತ್ತದೆ. ಆ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುವಂಥದ್ದು, ಔಷಧದ ಕಣ್ಣು ತಪ್ಪಿಸಿ ತಿಂಗಳುಗಟ್ಟಲೆ ಉಳಿಯಬಲ್ಲದು. ಆದರೆ ಇದರಿಂದ ಎಲ್ಲ ಸೋಂಕಿಗೂ ಹೆಚ್ಚು ದಿನ ಔಷಧ ತೆಗೆದುಕೊಂಡಷ್ಟೂ ಒಳ್ಳೆಯದೆಂದು ತಿಳಿಯಬಾರದು. ಮೂತ್ರದ ಸೋಂಕು, ನ್ಯುಮೋನಿಯಾದಂಥ ಹಲವು ಸೋಂಕುಗಳಿಗೆ ಹಿಂದೆ ಕೊಡುತ್ತಿದ್ದುದಕ್ಕಿಂತ ಕಡಿಮೆ ದಿನದ ಚಿಕಿತ್ಸೆಯೇ ಸಾಕೆಂದು ಈಗ ಕಂಡುಬಂದಿದೆ. ಬೇಕಿಲ್ಲದ ಪ್ರತಿ ದಿನವೂ ಕರುಳಿನ ಬ್ಯಾಕ್ಟೀರಿಯಾಗಳಿಗೆ ಮತ್ತೊಂದು ಪಾಠದ ದಿನ. ಎಷ್ಟು ದಿನ ಎಂಬುದನ್ನು ಬರೆದುಕೊಟ್ಟ ವೈದ್ಯರನ್ನೇ ಕೇಳಿ, ಅಷ್ಟೇ ದಿನ ತೆಗೆದುಕೊಳ್ಳಿ. ಉರಿ ಇಳಿಯಿತೆಂದು ನಾವಾಗಿಯೇ ನಿಲ್ಲಿಸುವುದೂ, ಇರಲಿ ಎಂದು ನಾವಾಗಿಯೇ ಮುಂದುವರಿಸುವುದೂ ಬೇಡ.

ಪ್ರಶ್ನೆ ಕೇಳಿದವರಿಂದ: ತುಂಗಾತೀರದ ಮಗಳು

ಎಲ್ಲರಿಗೂ ಕೃತಜ್ಞತೆಗಳು. ಅಮ್ಮನಿಗೆ ಉತ್ತರಗಳನ್ನೆಲ್ಲ ಓದಿ ಹೇಳಿದೆ. ಕಾಗದದ ಬಿಲ್ಲೆಯ ವಿವರಣೆಯನ್ನು ಎರಡು ಸಲ ಓದಿಸಿಕೊಂಡರು. ವರದಿಯನ್ನು ಮತ್ತೊಮ್ಮೆ ನೋಡಿದಾಗ ನೈಟ್ರೊಫ್ಯುರಾಂಟಾಯಿನ್ ಮತ್ತು ಫಾಸ್ಫೊಮೈಸಿನ್ ಮುಂದೆ ‘ಎಸ್’ ಎಂದೇ ಇದೆ. ‘ಆರ್’ಗಳನ್ನು ಎಣಿಸುವ ಗಾಬರಿಯಲ್ಲಿ ನಾವು ಅದನ್ನು ಗಮನಿಸಿಯೇ ಇರಲಿಲ್ಲ. ವರದಿಯ ಎರಡು ಪ್ರತಿ ಮಾಡಿಸಿ ಒಂದನ್ನು ಅಮ್ಮನ ಸಕ್ಕರೆ ಕಾಯಿಲೆಯ ಪುಸ್ತಕದೊಳಗೆ ಅಂಟಿಸಿದ್ದೇನೆ. ಸ್ತ್ರೀರೋಗ ತಜ್ಞರ ಬಳಿ ಮುಂದಿನ ಸೋಮವಾರ ಹೋಗುತ್ತಿದ್ದೇವೆ. ಡಬ್ಬಿಯಲ್ಲಿ ಬೇರೆ ಬೇರೆ ಕಾಲದ ಹನ್ನೆರಡು ಆಂಟಿಬಯೋಟಿಕ್ ಮಾತ್ರೆಗಳು ಸಿಕ್ಕವು, ಎಲ್ಲದರ ಹಿಂಬದಿಯಲ್ಲೂ ಕೆಂಪು ಗೆರೆ ಇದೆ. ಅವುಗಳನ್ನು ತೋಟದ ಗುಂಡಿಗೆ ಎಸೆಯಬೇಕೆಂದಿದ್ದೆ, ಮಣ್ಣಿಗೂ ನೀರಿಗೂ ಅವು ಸೇರಬಾರದಲ್ಲವೇ ಎಂದು ನಿಲ್ಲಿಸಿದೆ. ಇವನ್ನು ಎಲ್ಲಿ ಕೊಡಬೇಕೆಂದು ಹಾವೇರಿಯವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 6: ಹಾವೇರಿ ಕಡೆಯ ಔಷಧ ವ್ಯಾಪಾರಿ

ಎಸೆಯದೆ ಇದ್ದದ್ದು ಒಳ್ಳೆಯದಾಯಿತು. ಬಚ್ಚಲಿಗೂ ಹಾಕಬೇಡಿ. ಆಸ್ಪತ್ರೆಗಳು ಅವಧಿ ಮುಗಿದ ಔಷಧಗಳನ್ನು ಹಳದಿ ಚೀಲದ ತ್ಯಾಜ್ಯದೊಂದಿಗೆ ಸುಡಲು ಕಳುಹಿಸುತ್ತವೆ. ಸೋಮವಾರ ಹೇಗೂ ಆಸ್ಪತ್ರೆಗೆ ಹೋಗುತ್ತೀರಲ್ಲ, ಅಲ್ಲಿನ ಔಷಧ ವಿಭಾಗದವರಿಗೆ ಕೊಟ್ಟು, ಆ ಚೀಲಕ್ಕೆ ಹಾಕಲು ಸಾಧ್ಯವೇ ಎಂದು ಕೇಳಿ. ನಾನೂ ನಮ್ಮ ಅಂಗಡಿಯ ಕೌಂಟರಿನ ಮೇಲೆ ಇಂಥದ್ದಕ್ಕೆಂದೇ ಒಂದು ಡಬ್ಬಿ ಇಟ್ಟು, ತಿಂಗಳಿಗೊಮ್ಮೆ ತಾಲ್ಲೂಕು ಆಸ್ಪತ್ರೆಗೆ ತಲುಪಿಸಲು ಅಲ್ಲಿನವರು ಒಪ್ಪುವರೇ ಎಂದು ನಾಳೆಯೇ ವಿಚಾರಿಸುತ್ತೇನೆ.